ನಾಲೆ ಐತಲ್ಲವ್ವ, ಕೊಳ ಯಾಕೆ?

ನಮ್ಮೂರಿಗೊಂದು ಈಜುಕೊಳ ಬೇಕು ಅಂತ ನಾನು ಓಡಾಡ್ತಿರೋ ಕಥೆ ಈ ವಿಡಿಯೋ. ನೀವೀಗ ನೋಡ್ತಿರೋದು ನಮ್ಮೂರ ನಾಲೆ. ಟೈಮು ಬೆಳಗ್ಗೆ ಏಳೂಕಾಲು. ಬೋರ್ಡಲ್ಲಿ ವಿಶ್ವೇಶ್ವರಯ್ಯ ನಾಲೆ, ಪೇಪರಲ್ಲಿ ವಿ.ಸಿ. ನಾಲೆ, ನಮಗೆ ಬರೀ ನಾಲೆ. ನಮ್ಮ ತಾತ ಮಾತ್ರ ಕೊನೆವರೆಗೂ ಇರ್ವಿನ್ ನಾಲೆ ಅಂತಲೇ ಅಂತಿದ್ರು. ಕಟ್ಟಿದಾಗ ಇಟ್ಟಿದ್ದ ಹೆಸರು ಅದು. ಕನ್ನಂಬಾಡಿ ನೀರು ಇದ್ರಲ್ಲೇ ಬರೋದು, ನಮ್ಮ ಮಂಡ್ಯ ಜಿಲ್ಲೆಯ ಭತ್ತ, ಕಬ್ಬು ಬಹುಪಾಲು ಇದರ ಮೇಲೇ ನಿಂತಿರೋದು.

ಈ ಶಾಟಲ್ಲಿ ಬರೀ ಕೈ ಕಾಣಿಸ್ತಿದೆ, ಅಲ್ವಾ? ಬಟ್ಟೆ ಒಗೀತಿರೋ ಅಕ್ಕಂದಿರು, ಮುಖ ತೋರಿಸ್ಬೇಡ ಕಣವ್ವ ಅಂದ್ರು, ಅದಕ್ಕೆ. ಏಳು ಜನ ಇದ್ರು ಸೋಪಾನದ ಮೇಲೆ. ಅರ್ಧ ಮೊಣಕಾಲು ನೀರಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬರು ಜಮಖಾನನ ಕಲ್ಲಿಗೆ ಹೊಡೀತಾ ಇದ್ದಾರೆ. ನಾನು ಒಬ್ಬೊಬ್ಬರನ್ನೇ ಕೇಳ್ದೆ: ಅಕ್ಕ, ನಿಮಗೆ ಈಜು ಬರುತ್ತಾ? ಏಳು ಜನಕ್ಕೂ ಬರಲ್ಲ. ಒಬ್ಬರು ನಕ್ಕು, "ನೀರ್ಗೆ ಬಿದ್ರೆ ಹೋದ್ವಿ, ಅಷ್ಟೆ" ಅಂದ್ರು. ಜಮಖಾನ ಹಿಂಡ್ತಾ ಹಿಂಡ್ತಾ ಹೇಳಿದ್ದು ಆ ಮಾತನ್ನ. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತಾರು ವರ್ಷ ಆಗಿದೆಯಂತೆ, ದಿನಾ ಇದೇ ಕಲ್ಲಂತೆ.

ನಾಲೆಗೆ ಈಗ ಕಾಂಕ್ರೀಟ್ ಲೈನಿಂಗ್ ಆಗಿದೆ. ಮುಂಚೆ ಮಣ್ಣಿನ ದಡ ಇದ್ದಾಗ ಬೇರೋ ಹುಲ್ಲೋ ಏನೋ ಒಂದು ಕೈಗೆ ಸಿಗ್ತಿತ್ತು. ಈಗ ನುಣ್ಣಗಿರೋ ಇಳಿಜಾರು, ಅದರ ಮೇಲೆ ಪಾಚಿ. ಕಟ್ಟು ನೀರು, ಅಂದ್ರೆ ಸರದಿ ಪ್ರಕಾರ ಬಿಡೋ ನೀರು, ಬಿಟ್ಟಾಗ ಸೆಳವು ಹೆಂಗಿರುತ್ತೆ ಅಂದ್ರೆ, ನಾನು ಒಂದು ತೆಂಗಿನ ಚಿಪ್ಪು ಎಸೆದು ಅದರ ಜೊತೆ ಏರಿ ಮೇಲೆ ನಡೆಯೋಕೆ ನೋಡ್ದೆ. ಆಗಲಿಲ್ಲ, ಓಡಬೇಕಾಯ್ತು. ನೋಡಿ, ಕ್ಯಾಮೆರಾ ಎಷ್ಟು ಅಲ್ಲಾಡ್ತಿದೆ.

ನಾನೂ ಇದೇ ನಾಲೆ ಪಕ್ಕ ಹುಟ್ಟಿ ಬೆಳೆದವಳು. ಅಣ್ಣಂದಿರಿಗೆಲ್ಲ ಚಿಕ್ಕಪ್ಪ ಈಜು ಕಲಿಸಿದ್ರು, ತೋಟದ ಬಾವಿಲಿ. ಒಣಗಿದ ಸೋರೆಬುರುಡೆನ ಬೆನ್ನಿಗೆ ಕಟ್ಟಿ ಮೇಲಿಂದ ತಳ್ಳೋದು. ಎರಡು ದಿನ ಅತ್ತು, ಮೂರನೇ ದಿನ ತಾವೇ ಹಾರ್ತಿದ್ರು. ಈಗಿನ ಹುಡುಗರು ಐದು ಲೀಟರಿನ ಎಣ್ಣೆ ಕ್ಯಾನ್ ಕಟ್ಕೋತಾರೆ. ಬುರುಡೆ ಹೋಗಿ ಕ್ಯಾನ್ ಬಂತು, ಹೆಣ್ಣುಮಕ್ಕಳನ್ನ ಕರ್ಕೊಂಡು ಹೋಗೋದು ಮಾತ್ರ ಆಗ್ಲೂ ಇರಲಿಲ್ಲ, ಈಗ್ಲೂ ಇಲ್ಲ. ನನ್ನ ಪಾಲಿಗೆ ಬಂದಿದ್ದು ಬಾವಿ ಕಟ್ಟೆ ಮೇಲೆ ಅಣ್ಣಂದಿರ ಟವಲ್ ಹಿಡ್ಕೊಂಡು ನಿಲ್ಲೋ ಕೆಲಸ.

ಇಪ್ಪತ್ತೆಂಟನೇ ವಯಸ್ಸಲ್ಲಿ ಮೈಸೂರಲ್ಲಿ ಕೆಲಸದಲ್ಲಿದ್ದಾಗ ಸರಸ್ವತಿಪುರಂನಲ್ಲಿರೋ ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಸೇರ್ದೆ. ಪಕ್ಕದಲ್ಲಿ ಏಳು ವರ್ಷದ ಮಕ್ಕಳು ಮೀನಿನ ಥರ ಹೋಗ್ತಿದ್ರೆ ನಾನು ಗೋಡೆ ಕಂಬಿ ಹಿಡ್ಕೊಂಡು ಕಾಲು ಬಡೀತಿದ್ದೆ. ಹನ್ನೊಂದನೇ ದಿನ ಇರಬೇಕು, ಕಲಿಸೋ ಮೇಡಂ ನನ್ನ ಬೆನ್ನ ಕೆಳಗೆ ಕೈ ಇಟ್ಟು, ಕಿವಿ ನೀರೊಳಗೆ ಹೋಗ್ಲಿ, ಆಕಾಶ ನೋಡಿ ಅಂದ್ರು. ನೋಡ್ತಾ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರ ದನಿ ದೂರದಿಂದ ಬಂತು. ಕೈ ಯಾವಾಗಲೋ ತೆಗೆದಿದ್ರು.

ಆವತ್ತು ಬಸ್ಸಲ್ಲಿ ಊರಿಗೆ ಬರ್ತಾ ಏರಿ ಪಕ್ಕ ಇದೇ ಸೋಪಾನ ಕಾಣಿಸ್ತು. ನಮ್ಮೂರಿಗೂ ಒಂದು ಕೊಳ ಬೇಕು ಅನ್ನೋ ಹುಚ್ಚು ಹತ್ತಿದ್ದು ಅಲ್ಲೇ.

ಈಗ ಜನ ಏನಂದ್ರು ಅಂತ ಹೇಳ್ತೀನಿ. ಮೊದಲು ಹೋಗಿದ್ದು ಅರಳಿಕಟ್ಟೆ ಹತ್ರ ಕೂರೋ ಒಬ್ಬ ದೊಡ್ಡಯ್ಯನ ಹತ್ರ. ಅವರು ಹೂಂ ಅಂದ್ರೆ ಅರ್ಧ ಊರು ಹೂಂ ಅಂದಂಗೆ. "ನಾಲೆ ಐತಲ್ಲವ್ವ, ಕೊಳ ಯಾಕೆ?" ಅಂದ್ರು. ನಾನು ಪಾಚಿ, ಸೆಳವು ಎಲ್ಲಾ ವಿವರಿಸ್ದೆ. "ಬಿದ್ದೋನು ಕಲೀತಾನೆ" ಅಂದ್ರು. ಕಲಿಯೋಕೆ ಮುಂಚೆ ಹೋದೋರ ಲೆಕ್ಕ ಯಾರಿಡ್ತಾರೆ, ದೊಡ್ಡಯ್ಯ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಇಟ್ಟಿರೋ ಲೆಕ್ಕದಲ್ಲಿ 2022ರ ಒಂದೇ ವರ್ಷ ಈ ದೇಶದಲ್ಲಿ ಆಕಸ್ಮಿಕವಾಗಿ ನೀರಲ್ಲಿ ಮುಳುಗಿ ಸತ್ತವರು 38,000ಕ್ಕೂ ಹೆಚ್ಚು. ಅವರ ಮುಂದೆ ಇದನ್ನ ಹೇಳಲಿಲ್ಲ, ಧೈರ್ಯ ಬರಲಿಲ್ಲ. ನಿಮಗೆ ಹೇಳ್ತಿದೀನಿ.

ಎರಡನೇ ಪ್ರಶ್ನೆ ನೀರಿಂದು. ಇದು ಸರಿಯಾದ ಪ್ರಶ್ನೆ. ಬೇಸಿಗೆಲಿ ಕುಡಿಯೋಕೇ ನೀರಿಲ್ಲ, ಇವಳು ಈಜೋಕೆ ಕೇಳ್ತಾಳಲ್ಲ ಅಂತ ಯಾರಿಗಾದ್ರೂ ಅನ್ಸುತ್ತೆ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯೋ ನೀರು ಬಳಸ್ಬಾರದು ಅಂತ ಆದೇಶವನ್ನೇ ಮಾಡಿತ್ತು. ಅದಕ್ಕೆ ಕೂತು ಲೆಕ್ಕ ಹಾಕ್ದೆ. 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಸರಾಸರಿ ನಾಲ್ಕೂವರೆ ಅಡಿ ಆಳ. ಹಿಡಿಯೋದು ಸುಮಾರು 4.3 ಲಕ್ಷ ಲೀಟರ್. ಲಕ್ಷ ಅಂದ ತಕ್ಷಣ ಎಲ್ಲರೂ ಹೌಹಾರ್ತಾರೆ. ಆದ್ರೆ ನಾವು ಮಂಡ್ಯದೋರು, ನಮಗೆ ಗದ್ದೆ ಲೆಕ್ಕದಲ್ಲಿ ಹೇಳಿದ್ರೇನೇ ಅರ್ಥ ಆಗೋದು. ಒಂದು ಬೆಳೆ ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಅಂತ ಹಿಡಿದ್ರೆ ಎಕರೆಗೆ 48 ಲಕ್ಷ ಲೀಟರ್. ಅಂದ್ರೆ ಗುಂಟೆಗೆ ಒಂದು ಲಕ್ಷ ಇಪ್ಪತ್ತು ಸಾವಿರ. ನನ್ನ ಕೊಳ ಮೂರೂವರೆ ಗುಂಟೆ ಗದ್ದೆ!

ಅದೂ ದಿನಾ ತುಂಬಿಸೋ ನೀರಲ್ಲ. ಮೈಸೂರಿನ ಕೊಳಕ್ಕೆ ಸೇರೋವರೆಗೆ ನಂಗೂ ಗೊತ್ತಿರಲಿಲ್ಲ ಇದು. ಒಂದೇ ನೀರು ಮರಳಿನ ಫಿಲ್ಟರ್ ಮೂಲಕ ಸುತ್ತಿ ಸುತ್ತಿ ವಾಪಸ್ ಬರುತ್ತೆ, ಕ್ಲೋರಿನ್ ಹಾಕ್ತಾರೆ, ಪಿಎಚ್ ಏಳೂ ಚಿಲ್ಲರೆಯಲ್ಲಿ ಇರೋ ಹಾಗೆ ನೋಡ್ಕೋತಾರೆ. ಬಿಸಿಲಿಗೆ ಆವಿಯಾಗಿ ದಿನಕ್ಕೆ ಐದು ಮಿಲಿಮೀಟರ್ ಇಳಿದ್ರೆ ಸಾವಿರದ ಐನೂರು ಲೀಟರ್ ಚಿಲ್ಲರೆ ಸೇರಿಸಬೇಕು, ಫಿಲ್ಟರ್ ತೊಳೆಯೋಕೆ ಇನ್ನಷ್ಟು. ಇದನ್ನೆಲ್ಲ ಒಂದು ಸಂಜೆ ಡೈರಿ ಮುಂದೆ ಹಾಲು ಹಾಕೋಕೆ ಬಂದಿದ್ದ ರೈತರಿಗೆ ಹೇಳ್ದೆ. ಒಬ್ಬರು ಕ್ಯಾನ್ ಕೆಳಗಿಟ್ಟು ಪೂರ್ತಿ ಕೇಳಿ, "ಮೂರೂವರೆ ಗುಂಟೆ ಗದ್ದೆ ಒಂದಷ್ಟು ಅಕ್ಕಿಯಾರ ಕೊಡ್ತದೆ. ನಿನ್ ಕೊಳ ಏನ್ ಕೊಟ್ಟಾತು?" ಅಂದ್ರು. ನಂಗೆ ಉತ್ತರ ಹೊಳೀಲಿಲ್ಲ, ನಿಜ ಹೇಳ್ತೀನಿ. ಮನೆಗೆ ಬಂದ ಮೇಲೆ ಹತ್ತು ಉತ್ತರ ಹೊಳೆದ್ವು. ಯಾವಾಗ್ಲೂ ಹಂಗೇ.

ಹೆಣ್ಣುಮಕ್ಕಳ ಪ್ರಶ್ನೆ ಬೇರೆ ಥರ. ಹೂವಿನಂಗಡಿ ಅಕ್ಕ ಸುತ್ತ ಯಾರೂ ಇಲ್ಲದಾಗ ಮೆಲ್ಲಗೆ ಕೇಳಿದ್ರು, "ನೈಟಿ ಹಾಕ್ಕೊಂಡು ಇಳೀಬೋದಾ?" ಬೇಡ ಅಕ್ಕ, ಬಟ್ಟೆ ನೀರು ಕುಡಿದು ಕಾಲಿಗೆ ಸುತ್ಕೊಳ್ಳುತ್ತೆ. ಕೈ ಕಾಲು ಪೂರ್ತಿ ಮುಚ್ಚೋ ಈಜುಡುಗೆನೇ ಬರುತ್ತೆ, ಹೆಂಗಸರಿಗೆ ಬೇರೆ ಟೈಮು, ಕಲಿಸೋರೂ ಹೆಂಗಸರೇ ಇರ್ತಾರೆ ಅಂದೆ. ಅವರು ಮೊಳ ಹಾಕ್ತಾ ಸುಮ್ಮನಿದ್ರು. ಆಮೇಲೆ, "ಗೋಡೆ ಎತ್ರ ಇರ್ಬೇಕು" ಅಂದ್ರು. ಇಷ್ಟು ದಿನ ಓಡಾಡಿದ್ದಕ್ಕೆ ನಂಗೆ ಸಿಕ್ಕ ಮೊದಲ ಒಪ್ಪಿಗೆ ಅದೇ, ನನ್ನ ಪ್ರಕಾರ.

ದೊಡ್ಡ ಮನುಷ್ಯರ ವರಸೆ ಬೇರೆ. ಅವರಿಗೆ ಕೊಳ ಬೇಡ ಅಂತಿಲ್ಲ. ಬೇಕು, ಆದ್ರೆ ಅಂತರರಾಷ್ಟ್ರೀಯ ಮಟ್ಟದ್ದೇ ಬೇಕು. 50 ಮೀಟರ್, ಗ್ಯಾಲರಿ, ಡೈವಿಂಗ್ ಬೋರ್ಡು. ಒಲಿಂಪಿಕ್ ಅಳತೆಯ ಕೊಳಕ್ಕೆ 25 ಲಕ್ಷ ಲೀಟರ್ ನೀರು ಬೇಕು ಸಾರ್, ನಮ್ಮದರ ಆರರಷ್ಟು ಅಂದೆ. ನಮ್ಮೂರಿಂದಲೂ ಒಲಿಂಪಿಕ್ಸ್‌ಗೆ ಹೋಗೋದು ಬೇಡ್ವಾ ಅಂದ್ರು. ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೆ ಪ್ಯಾರಿಸ್‌ಗೆ ಹೋಗಿದ್ದು ನಂಗೂ ಹೆಮ್ಮೆನೇ. ಆದ್ರೆ ನನ್ನ ತಲೇಲಿರೋದು ನಿಶಾ ಮಿಲೆಟ್ ಅವರ ಕಥೆಯ ಮೊದಲ ಭಾಗ. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದವರು ಅವರು, ಈಜು ಕಲಿಯೋಕೆ ಶುರು ಮಾಡಿದ್ದು ಮಾತ್ರ ಐದನೇ ವಯಸ್ಸಲ್ಲಿ ಮುಳುಗಿ ಸಾಯೋದ್ರಿಂದ ಪಾರಾದ ಮೇಲೆ. ಸಿಡ್ನಿ ಆಮೇಲಿನ ಮಾತು. ಬಿದ್ದ ಮಗು ಯಾರಾದ್ರೂ ಬರೋವರೆಗೆ ಎರಡು ನಿಮಿಷ ತೇಲಿದ್ರೆ ನಂಗೆ ಸಾಕು. ಅದಕ್ಕೆ ಗ್ಯಾಲರಿ ಯಾಕೆ?

ಇಲ್ಲಿಂದ ವಿಡಿಯೋ ಸ್ವಲ್ಪ ಬೇಜಾರು ಮಾಡುತ್ತೆ. ಇದು ಇನ್ನೊಂದು ಊರಿನ ಕೊಳ, ಹೆಸರು ಹೇಳಲ್ಲ. ಗೇಟಿಗೆ ಬೀಗ, ಪಕ್ಕದ ಕಾಂಪೌಂಡ್ ಬಿದ್ದಿರೋ ಕಡೆಯಿಂದ ಒಳಗೆ ಬಂದ್ವಿ. ತಳದಲ್ಲಿ ಮೊಣಕಾಲುದ್ದ ಮಳೆ ನೀರು, ರಾಗಿ ಪೈರಿನಷ್ಟು ಹಸಿರು. ಒಂದು ಚಪ್ಪಲಿ, ಎರಡು ಬಾಟಲಿ, ಲೆಕ್ಕವಿಲ್ಲದಷ್ಟು ಗೊದಮೊಟ್ಟೆ. ಪಂಪ್‌ಹೌಸಲ್ಲಿ ಪಂಪ್ ಇಲ್ಲ, ಬೋಲ್ಟ್ ಇದ್ದ ನಾಲ್ಕು ತೂತು ಮಾತ್ರ ಇದೆ. ಆದ್ರೆ ಇಲ್ಲಿ ನೋಡಿ, ಉದ್ಘಾಟನೆ ಕಲ್ಲು. ಕರೀ ಗ್ರಾನೈಟು, ಬಂಗಾರದ ಬಣ್ಣದ ಅಕ್ಷರ, ಒಂದು ಹೆಸರೂ ಮಾಸಿಲ್ಲ. ಕಾವಲಿಗಿದ್ದ ಅಜ್ಜ ಹೇಳಿದ್ರು, ಎರಡು ಬೇಸಿಗೆ ಚೆನ್ನಾಗಿ ನಡೀತು, ಆಮೇಲೆ ಕರೆಂಟ್ ಬಿಲ್ ಯಾರು ಕಟ್ಟೋದು ಅಂತ ಆಯ್ತು.

ಆ ಕಲ್ಲಿನ ಮುಂದೆ ನಿಂತಾಗಲೇ ನಾನು ಇಷ್ಟು ದಿನ ಕೇಳ್ತಿದ್ದದ್ದೇ ತಪ್ಪು ಅಂತ ಗೊತ್ತಾಗಿದ್ದು. ಕಟ್ಟೋಕೆ ದುಡ್ಡು ಕೊಡೋರು ಇದ್ದಾರೆ. ಶಾಸಕರಿಗೆ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ದೊಡ್ಡ ಕಂಪನಿಗಳು 2013ರ ಕಂಪನಿ ಕಾಯ್ದೆ ಪ್ರಕಾರ ಲಾಭದ ಶೇಕಡಾ 2ರಷ್ಟನ್ನ ಸಮಾಜಕ್ಕೆ ಖರ್ಚು ಮಾಡಬೇಕು, ಆ ಪಟ್ಟಿಲಿ ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಇದೆ. ಆದ್ರೆ ಸಂಸದರ ನಿಧಿ ಇರೋದು ಶಾಶ್ವತವಾಗಿ ನಿಲ್ಲೋ ಆಸ್ತಿಗೆ. ತಿಂಗಳ ಸಂಬಳಕ್ಕೆ, ಕರೆಂಟಿಗೆ ಅಲ್ಲ. ಏಳೂವರೆ ಎಚ್‌ಪಿ ಪಂಪು ದಿನಕ್ಕೆ ಹನ್ನೆರಡು ಗಂಟೆ ಓಡಿದ್ರೆ ತಿಂಗಳಿಗೆ ಎರಡು ಸಾವಿರ ಯೂನಿಟ್. ಅದರ ಮೇಲೆ ಕ್ಲೋರಿನ್, ಪಂಪ್ ನೋಡ್ಕೊಳ್ಳೋರು ಒಬ್ಬರು, ಜೀವರಕ್ಷಕರು ಇಬ್ಬರು, ಕಲಿಸೋ ಮೇಡಂ ಒಬ್ಬರು. ಫೀಸೊಂದರಲ್ಲೇ ಇದನ್ನ ಎತ್ತೋಕೆ ಹೋದ್ರೆ ಸೋಪಾನದ ಮೇಲಿದ್ದ ಏಳು ಜನಕ್ಕೂ ಅವರ ಮಕ್ಕಳಿಗೂ ಅದು ಎಟುಕಲ್ಲ.

ಅದಕ್ಕೆ ಈಗ ನಾವು ತಿಂಗಳ ಪಾಲು ಕೇಳ್ತಿದೀವಿ. ಹೆಂಗೆ ಕೇಳೋದು ಅಂತ ಯೋಚನೆ ಮಾಡೋವಾಗ ಅಮ್ಮ ಬೀರುವಿನಿಂದ ಮುಯ್ಯಿ ಪುಸ್ತಕ ತೆಗೆದ್ರು. ಅಣ್ಣನ ಮದುವೇದು. ಯಾರು ಎಷ್ಟು ಹಾಕಿದ್ರು, ನಾವು ಅವರ ಮನೆಗೆ ತಿರುಗಿಸಿದ್ದೆಷ್ಟು, ಎಲ್ಲಾ ಇದೆ. ಹನ್ನೆರಡು ವರ್ಷದ ಹಿಂದಿನ 51 ರೂಪಾಯಿಗೂ ಅಮ್ಮನ ಹತ್ರ ಟಿಕ್ ಮಾರ್ಕ್ ಇದೆ. ಇಷ್ಟು ನಿಯತ್ತಿನ ಲೆಕ್ಕ ನಾನು ಯಾವ ಆಫೀಸಲ್ಲೂ ನೋಡಿಲ್ಲ. ಹಂಗೇ ಒಂದು ಪುಸ್ತಕ ಮಾಡಿದ್ವಿ. ಹೆಸರು, ಬೀದಿ, ತಿಂಗಳಿಗೆ ಎಷ್ಟು. ಇವತ್ತಿಗೆ 214 ಹೆಸರು. ಹೆಚ್ಚಿನವು ಐವತ್ತು ರೂಪಾಯಿ, ಕೆಲವು ಇಪ್ಪತ್ತು. ಒಂದು ರೂಪಾಯಿನೂ ಕೈಯಲ್ಲಿ ಮುಟ್ಟಿಲ್ಲ. 1960ರ ಸಂಘಗಳ ಕಾಯ್ದೆ ಅಡಿ ನೋಂದಣಿ ಆಗಬೇಕು, ಬ್ಯಾಂಕ್ ಖಾತೆಗೆ ಎರಡು ಸಹಿ ಇರಬೇಕು, ಅಲ್ಲಿವರೆಗೆ ಬರೀ ಬರವಣಿಗೆ.

ಇದು ನಡೆಯುತ್ತಾ ಅಂತ ಕೇಳೋರಿಗೆ ಇಂಗ್ಲೆಂಡಿನ ಪೆನ್ಜಾನ್ಸ್ ಅನ್ನೋ ಸಣ್ಣ ಊರಿನ ಫೋಟೊ ತೋರಿಸ್ತೀನಿ. 1935ರಲ್ಲಿ ಸಮುದ್ರದ ದಂಡೆ ಮೇಲೆ ಕಟ್ಟಿದ ತ್ರಿಕೋನದ ಕೊಳ, ಜುಬಿಲಿ ಪೂಲ್. 2014ರ ಬಿರುಗಾಳಿಗೆ ಒಡೆದುಹೋಯ್ತು, 2016ರಲ್ಲಿ ಮತ್ತೆ ತೆರೀತು. ಆಮೇಲೆ ಅದನ್ನ ಮುಂದುವರಿಸೋಕೆ ಸಾವಿರಕ್ಕೂ ಹೆಚ್ಚು ಜನ ಷೇರು ತಗೊಂಡ್ರು. ಎಷ್ಟೇ ಷೇರಿದ್ರೂ ಒಬ್ಬರಿಗೆ ಒಂದೇ ಓಟು. ಅದು ಫಾರಿನ್ನು ಬಿಡಿ ಅಂತಾರೆ ಇದನ್ನ ಕೇಳಿದೋರು. ಸರಿ, ಗದಗ ಫಾರಿನ್ನಾ? ಅಲ್ಲಿನ ಕಣಗಿನಹಾಳ ಅನ್ನೋ ಊರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನ ಸೇರಿಸಿ ಸಹಕಾರಿ ಸಂಘ ಕಟ್ಟಿದ್ದು 1905ರಲ್ಲಿ. ನೀವು ದಿನಾ ಹಾಲು ಹಾಕೋ ಡೈರಿ ಯಾರದು? ಷೇರು ಅನ್ನೋದು ಪೆನ್ಜಾನ್ಸ್‌ನೋರು ನಮಗೆ ಹೇಳಿಕೊಡಬೇಕಾದ ವಿಷಯ ಅಲ್ಲ.

ದಾನಿಯೊಬ್ಬರು ದೊಡ್ಡ ಮೊತ್ತ ಕೊಡ್ತೀನಿ, ಕಲ್ಲಲ್ಲಿ ಹೆಸರು ಹಾಕಿ ಅಂದ್ರು. ಕಲ್ಲು ಇಲ್ಲ ಅಣ್ಣ ಅಂದೆ. ತಿಂಗಳಾ ತಿಂಗಳಾ ಸೆಸ್ಕ್ ಕರೆಂಟ್ ಬಿಲ್ಲನ್ನ ಗೇಟ್ ಹತ್ರ ಅಂಟಿಸ್ತೀವಿ, ಅದರ ಪಕ್ಕ ಆ ತಿಂಗಳು ಕೊಟ್ಟೋರ ಹೆಸರು ಬರೀತೀವಿ. ನಿಮ್ಮದು ಪ್ರತಿ ತಿಂಗಳೂ ಇರಬೇಕು ಅಂದ್ರೆ ಪ್ರತಿ ತಿಂಗಳೂ ಕೊಡಿ. ಯೋಚನೆ ಮಾಡ್ತೀನಿ ಅಂದಿದ್ದಾರೆ. ಪುರಸಭೆಗೆ ಜಾಗ ಕೇಳಿ ಅರ್ಜಿ ಕೊಟ್ಟಿದೀವಿ. ಬರೋ ಭಾನುವಾರ ಸಂಜೆ ಐದಕ್ಕೆ ಶಾಲೆ ಮೈದಾನದಲ್ಲಿ ಸಭೆ, ಊರಿನೋರು ಬನ್ನಿ. ಟೀ ಕೊಡ್ತೀವಿ, ಬಿಸ್ಕತ್ತಿನ ಬಗ್ಗೆ ಇನ್ನೂ ಚರ್ಚೆ ನಡೀತಿದೆ.

ಕೊನೆಯದಾಗಿ, ನೆನ್ನೆ ಸಂಜೆ ತೆಗೆದಿದ್ದು. ಅರಳಿಕಟ್ಟೆ, ಅದೇ ದೊಡ್ಡಯ್ಯ. "ಯಾರ್ಯಾರು ಬರೆಸವ್ರೆ, ಓದು" ಅಂದ್ರು. ಒಂದೊಂದೇ ಓದ್ತಾ ಹೋದೆ. ಕಣ್ಣು ಮುಚ್ಕೊಂಡು ಕೇಳ್ತಿದ್ರು. ಒಂದು ಹೆಸರು ಬಂತು, ಅವರ ಗದ್ದೆ ಪಕ್ಕದ ಗದ್ದೆಯೋರು, ಬದುವಿನ ವಿಷಯಕ್ಕೆ ಮೂವತ್ತು ವರ್ಷದಿಂದ ಮಾತಿಲ್ಲ. ಕಣ್ಣು ಬಿಟ್ರು.

"ಅವ್ನು ಎಷ್ಟು?"

"ಐವತ್ತು, ದೊಡ್ಡಯ್ಯ."

"ನಂದು ಅರವತ್ತು ಬರ್ಕೊ."

ಬರ್ಕೊಂಡೆ. ಪುಸ್ತಕ ಮುಚ್ಚಿ ಎದ್ದಾಗ ಹಿಂದಿನಿಂದ ಕೂಗಿ ಹೇಳಿದ್ರು, "ಆದ್ರೂ ನಾಲೆ ಐತಲ್ಲವ್ವ!"