ಹೆಬ್ಬೆರಳಿನ ಗುರುತು: ರಾಸಾಯನಿಕ ಕಂಪನಿಗಳ ಚರಿತ್ರೆಯಲ್ಲಿ ಏನು ಹುಡುಕಬೇಕು

ಎಲ್ಲರಿಗೂ ನಮಸ್ಕಾರ.

ಚರ್ಮ ಹದ ಮಾಡುವವರು ಒಂದು ಪರೀಕ್ಷೆ ಮಾಡುತ್ತಾರೆ. ಸುಣ್ಣದ ನೀರಿನಿಂದ ತೆಗೆದು, ತೊಳೆದು, ಮೆತ್ತಗೆ ಮಾಡಿದ ತೊಗಲನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತಾರೆ. ಬೆರಳು ತೆಗೆದ ಮೇಲೂ ಗುರುತು ಉಳಿದರೆ ತೊಗಲು ತಯಾರು. ಪುಟಿದು ಮೇಲೆ ಬಂದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಇಪ್ಪತ್ತನೇ ಶತಮಾನದ ಆರಂಭದವರೆಗೂ ಈ ಮೆತ್ತಗೆ ಮಾಡುವ ಕೆಲಸಕ್ಕೆ ನಾಯಿಯ ಮಲ, ಪಾರಿವಾಳದ ಹಿಕ್ಕೆ ಕಲಸಿದ ಬೆಚ್ಚಗಿನ ನೀರು ಬಳಸುತ್ತಿದ್ದರು. ಒಳ್ಳೆಯ ಚಪ್ಪಲಿ, ಕೈಗವಸು, ಪುಸ್ತಕದ ರಟ್ಟು ಎಲ್ಲದರ ಹಿಂದೆಯೂ ಆ ತೊಟ್ಟಿ ಇತ್ತು. ನಾರುವುದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ಅಂದರೆ ಒಂದು ದಿನ ಬಂದ ಹದ ಇನ್ನೊಂದು ದಿನ ಬರುತ್ತಿರಲಿಲ್ಲ. ಸ್ವಲ್ಪ ಜಾಸ್ತಿ ಆದರೆ ತೊಗಲೇ ಹಾಳು.

ಜರ್ಮನಿಯ ಒಟ್ಟೊ ರೋಮ್ ಅನ್ನುವ ರಸಾಯನಶಾಸ್ತ್ರಜ್ಞ ಸ್ಟುಟ್‌ಗಾರ್ಟ್‌ನ ಕಲ್ಲಿದ್ದಲಿನಿಂದ ಗ್ಯಾಸ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಈ ಕಷ್ಟ ಅವರ ಗಮನಕ್ಕೆ ಬಂತು. ಮೊದಲು ಗ್ಯಾಸ್ ತಯಾರಿಕೆಯಲ್ಲಿ ಉಳಿಯುವ ನೀರಿನಿಂದಲೇ ಕೆಲಸ ಆಗಬಹುದು ಅಂತ ಹೊರಟರು, ಅದು ಕೈ ಕೊಟ್ಟಿತು. ಆಮೇಲೆ ಹೊಳೆದದ್ದು, ಮಲದಲ್ಲಿ ಕೆಲಸ ಮಾಡುತ್ತಿರುವುದು ಜೀರ್ಣಕ್ರಿಯೆಯ ಕಿಣ್ವ ಇರಬೇಕು ಅಂತ. ಹಾಗಿದ್ದರೆ ಅದೇ ಕಿಣ್ವವನ್ನು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ನೇರವಾಗಿ ತೆಗೆಯಬಹುದಲ್ವಾ? ತೆಗೆದರು. ಅದಕ್ಕೆ ಓರೋಪಾನ್ ಅಂತ ಹೆಸರಿಟ್ಟರು. 1907ರಲ್ಲಿ ಗೆಳೆಯ ಒಟ್ಟೊ ಹಾಸ್ ಜೊತೆ ಸೇರಿ ಕಂಪನಿ ಶುರು ಮಾಡಿದರು, ಎಸ್‌ಲಿಂಗನ್ ಅನ್ನುವ ಊರಿನಲ್ಲಿ. 1909ರಲ್ಲಿ ಹಾಸ್ ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯಾದಲ್ಲಿ ಇನ್ನೊಂದು ಕಚೇರಿ ತೆರೆದರು.

ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾಗುವ ಭಾಗ ಮುಂದಿನದು. ತಲೆಮಾರುಗಳಿಂದ ಕೈಯಂದಾಜಿನಲ್ಲೇ ಹದ ಮಾಡುತ್ತಿದ್ದವರು ಡಬ್ಬಿಯ ಪುಡಿಯನ್ನು ಸುಮ್ನೆ ನಂಬುತ್ತಾರಾ? ಹಾಗಾಗಿ ಇವರೇ ಹದ ಮಾಡುವ ಜಾಗಗಳಿಗೆ ಹೋಗಿ, ತೊಟ್ಟಿಯ ಪಕ್ಕ ನಿಂತು, ಮಾಡಿ ತೋರಿಸಬೇಕಾಯಿತು. ವಿಶೇಷ ರಾಸಾಯನಿಕ ಅಂತ ಇವತ್ತು ನಾವು ಕರೆಯುವ ಉದ್ಯಮದ ಗುಣ ಇಲ್ಲೇ ಕಾಣುತ್ತದೆ. ಸೋಡಾ, ಗಂಧಕಾಮ್ಲದಂಥ ಸರಕು ತೂಕದ ಲೆಕ್ಕದಲ್ಲಿ ಹೋಗುತ್ತದೆ, ಯಾರು ಮಾಡಿದರೂ ಒಂದೇ. ಓರೋಪಾನ್ ಅಂಥದ್ದಕ್ಕೆ ಬೆಲೆ ಬರುವುದು ಅದು ಮಾಡಿಕೊಡುವ ಕೆಲಸದಿಂದ. ಆ ಕೆಲಸ ಗಿರಾಕಿಯ ಅಂಗಳದಲ್ಲಿ ನಡೆಯುತ್ತದೆ, ಅದನ್ನು ಅಲ್ಲೇ ಕಲಿಯಬೇಕು.

ನಾನು ಇಂಥ ಕಂಪನಿಗಳ ಚರಿತ್ರೆಯನ್ನು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಶತಮಾನೋತ್ಸವಕ್ಕೆ ಅಂತ ತರುವ ದಪ್ಪ ಪುಸ್ತಕಗಳಲ್ಲಿ ಸ್ಥಾಪಕರ ಫೋಟೊ ಇರುತ್ತದೆ, ಹೊಸ ಕಟ್ಟಡದ ಉದ್ಘಾಟನೆ ಇರುತ್ತದೆ, ಯಾವ ವರ್ಷ ಯಾರು ಯಾರನ್ನು ಕೊಂಡರು ಅನ್ನುವ ಪಟ್ಟಿ ಇರುತ್ತದೆ. ನಾನು ಹುಡುಕುವುದು ಎರಡೇ ವಿಷಯ. ಮೊದಲಿಗೆ ಯಾರ ಕೆಲಸ ಎಲ್ಲಿ ನಿಂತುಹೋಗಿತ್ತು? ಇವರು ಅದನ್ನು ಬಿಡಿಸಿದ ಮೇಲೆ ಅದರ ಹೊರೆ ಯಾರ ತಲೆಗೆ ಬಂತು?

ಪರ್ಕಿನ್ ಕಥೆ ನಿಮಗೆ ಗೊತ್ತಿರಬಹುದು. 1856, ಲಂಡನ್. ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಈಸ್ಟರ್ ರಜೆಯಲ್ಲಿ ಮನೆಯಲ್ಲೇ ಮಲೇರಿಯಾದ ಔಷಧಿ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಪಡೆದ. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಶುರುವಾಗಿದ್ದೇ ಆಮೇಲೆ. ಅಪ್ಪ ಉಳಿತಾಯದ ಹಣ ಹಾಕಿದರು, ಅಣ್ಣ ಜೊತೆಯಾದ, 1857ರಲ್ಲಿ ಗ್ರೀನ್‌ಫರ್ಡ್‌ನಲ್ಲಿ ಕಾರ್ಖಾನೆ ಎದ್ದಿತು. ಬಣ್ಣಕ್ಕೆ ಅನಿಲಿನ್ ಬೇಕು, ಅನಿಲಿನ್‌ಗೆ ನೈಟ್ರೋಬೆಂಜೀನ್ ಬೇಕು, ಅದನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಮಾಡುವ ದಾರಿ ಅವರೇ ಕಂಡುಕೊಳ್ಳಬೇಕಿತ್ತು. ಸಾಕಷ್ಟು ಗಟ್ಟಿಯಾದ ನೈಟ್ರಿಕ್ ಆಮ್ಲ ಸಿಗುತ್ತಿರಲಿಲ್ಲ, ಹಾಗಾಗಿ ಚಿಲಿಯ ಪೆಟ್ಲುಪ್ಪಿಗೆ ಗಂಧಕಾಮ್ಲ ಸೇರಿಸಿ ಕಬ್ಬಿಣದ ದೊಡ್ಡ ಪಾತ್ರೆಗಳಲ್ಲೇ ನಡೆಸಿದರು. ಅದು ಕೈಮೀರಿದರೆ ಸಿಡಿಯುವಂಥ ಕ್ರಿಯೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಪ್ರಯೋಗಾಲಯದಲ್ಲಿ ಆಗಿದ್ದು ಕಾರ್ಖಾನೆಯಲ್ಲೂ ಆಗೇ ಆಗುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಒಂದು ಲೀಟರಿನ ಫ್ಲಾಸ್ಕ್ ತೆಗೆದುಕೊಳ್ಳಿ. ಅದೇ ಆಕಾರದ 5,000 ಲೀಟರಿನ ರಿಯಾಕ್ಟರ್ ತೆಗೆದುಕೊಳ್ಳಿ. ಒಳಗೆ ಹುಟ್ಟುವ ಶಾಖ 5,000 ಪಟ್ಟು. ಆ ಶಾಖ ಹೊರಗೆ ಹೋಗಬೇಕಾದ ಗೋಡೆ ಮಾತ್ರ ಸುಮಾರು 290 ಪಟ್ಟು. ಅಂದರೆ ಲೀಟರಿಗೆ ಸಿಗುವ ಗೋಡೆ ಹದಿನೇಳನೇ ಒಂದು ಭಾಗಕ್ಕೆ ಇಳಿಯಿತು. ಫ್ಲಾಸ್ಕಿನಲ್ಲಿ ಸಮಾಧಾನವಾಗಿ ನಡೆದ ಕ್ರಿಯೆ ರಿಯಾಕ್ಟರಿನಲ್ಲಿ ಹುಚ್ಚೆದ್ದು ಓಡುವುದು ಇದಕ್ಕೇ. ಎಷ್ಟು ನಿಧಾನ ಸುರಿಯಬೇಕು, ಎಷ್ಟು ಜೋರಾಗಿ ಕಲಕಬೇಕು, ಯಾವ ಹಂತದಲ್ಲಿ ಕಾಯಬೇಕು ಅನ್ನುವುದನ್ನೆಲ್ಲ ಒಂದೊಂದು ಕಂಪನಿ ಹತ್ತಾರು ವರ್ಷ ಬ್ಯಾಚ್ ಮೇಲೆ ಬ್ಯಾಚ್ ಹಾಳು ಮಾಡಿಕೊಂಡು ಕಲಿತಿರುತ್ತದೆ. ಪೇಟೆಂಟ್ ಓದಿದ ಪಕ್ಕದವನಿಗೆ ಸರಕು ಬರದೇ ಇರುವುದು ಇದರಿಂದಲೇ.

ಪರ್ಕಿನ್‌ಗೆ ಇನ್ನೊಂದು ಕಷ್ಟವೂ ಬಂತು. ರೇಷ್ಮೆಗೆ ಬಣ್ಣ ಚೆನ್ನಾಗಿ ಕಚ್ಚಿತು, ಹತ್ತಿಗೆ ಕಚ್ಚಲಿಲ್ಲ. ಮತ್ತೆ ಬಣ್ಣ ಹಾಕುವವರ ಹತ್ತಿರ ಓಡಾಟ. ಒಗರು ಕೊಡುವ ಟ್ಯಾನಿನ್‌ನಲ್ಲಿ ಮೊದಲು ಹತ್ತಿಯನ್ನು ಅದ್ದಿದರೆ ಬಣ್ಣ ನಿಲ್ಲುತ್ತದೆ ಅಂತ ಕಂಡುಕೊಂಡು, ಅದನ್ನು ಅವರಿಗೆ ಕಲಿಸಿಕೊಟ್ಟ ಮೇಲೇ ವ್ಯಾಪಾರ ಬೆಳೆಯಿತು. ಓರೋಪಾನ್‌ಗಿಂತ ಐವತ್ತು ವರ್ಷ ಮೊದಲೇ ಅದೇ ಓಡಾಟ ನೋಡಿ.

ಈಗ ಹೊರೆಯ ಮಾತು. ಬಾಡಿಶೆ ಅನಿಲಿನ್ ಉಂಟ್ ಸೋಡಾ ಫಾಬ್ರಿಕ್, ಅಂದರೆ ಬಿಎಎಸ್‌ಎಫ್, 1865ರಲ್ಲಿ ಹುಟ್ಟಿತು. ಸ್ಥಾಪಕ ಫ್ರೀಡ್ರಿಶ್ ಎಂಗೆಲ್‌ಹಾರ್ನ್ ಕೂಡ ಗ್ಯಾಸ್ ಕಾರ್ಖಾನೆಯವರೇ. ಗ್ಯಾಸ್ ತೆಗೆದ ಮೇಲೆ ಉಳಿಯುತ್ತಿದ್ದ ಡಾಂಬರಿನಿಂದ ಬಣ್ಣ ಮಾಡಬಹುದು ಅನ್ನುವುದೇ ಬಂಡವಾಳ. ಈ ಕಂಪನಿ ನೀಲಿಯ, ಅಂದರೆ ಅಲ್ಲಿಯವರೆಗೆ ಗಿಡದಿಂದ ತೆಗೆಯುತ್ತಿದ್ದ ಇಂಡಿಗೋ ಬಣ್ಣದ ಹಿಂದೆ ಬಿದ್ದಿತು. 1880ರಲ್ಲಿ ಬೇಯರ್ ಅನ್ನುವ ವಿಜ್ಞಾನಿ ಪ್ರಯೋಗಾಲಯದಲ್ಲಿ ನೀಲಿ ಮಾಡಿ ತೋರಿಸಿದ್ದರು. ಅದು ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ನಡುವಿನ 17 ವರ್ಷಗಳಲ್ಲಿ ಖರ್ಚಾದದ್ದು ಸುಮಾರು 1.8 ಕೋಟಿ ಮಾರ್ಕ್. ಕಡೆಗೆ ಗೆದ್ದ ದಾರಿಯ ಮೊದಲ ಮೆಟ್ಟಿಲು ನ್ಯಾಫ್ತಲೀನ್, ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ಅದೇ ನುಸಿಗುಳಿಗೆ. ಅದನ್ನು ಗಂಧಕಾಮ್ಲದಲ್ಲಿ ಕಾಯಿಸುವಾಗ ಒಮ್ಮೆ ಥರ್ಮಾಮೀಟರ್ ಒಡೆದು ಪಾದರಸ ಒಳಗೆ ಬಿತ್ತು. ನಿಧಾನವಾಗಿ ಆಗುತ್ತಿದ್ದ ಕ್ರಿಯೆ ಚುರುಕಾಯಿತು. ಒಡೆದ ಗಾಜನ್ನು ಬೈದು ಎಸೆಯದೆ, ಇವತ್ತು ಯಾಕೆ ಹೀಗಾಯಿತು ಅಂತ ಹಿಂತಿರುಗಿ ನೋಡಿದವರ ಬಗ್ಗೆ ನನಗೆ ತುಂಬ ಗೌರವ.

ಈ ಗೆಲುವಿನ ಇನ್ನೊಂದು ತುದಿ ಬಿಹಾರದ ಚಂಪಾರಣ್‌ನಲ್ಲಿದೆ. ಅಲ್ಲಿ ರೈತರು ತಮ್ಮ ಹೊಲದ ಇಪ್ಪತ್ತರಲ್ಲಿ ಮೂರು ಪಾಲಿನಲ್ಲಿ ನೀಲಿ ಬೆಳೆಯಲೇಬೇಕಿತ್ತು. ಕಾರ್ಖಾನೆಯ ನೀಲಿ ಬಂದು ಬೆಲೆ ಬಿದ್ದಾಗ ತೋಟದ ಮಾಲೀಕರು ನಷ್ಟ ತಾವು ಹೊರಲಿಲ್ಲ. ನೀಲಿ ಬೆಳೆಯುವ ಕಟ್ಟಿನಿಂದ ಬಿಡುತ್ತೇವೆ ಅಂತ ಹೇಳಿ ಗೇಣಿ ಏರಿಸಿದರು, ಇಡಿಗಂಟು ಹಣ ಕೇಳಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಬರೆಸಿಕೊಂಡ ಸಾವಿರಾರು ಹೇಳಿಕೆಗಳಲ್ಲಿ ಈ ಗೋಳೂ ಇತ್ತು. ಒಡೆದ ಥರ್ಮಾಮೀಟರ್ ಒಂದು ಪುಸ್ತಕದಲ್ಲಿ, ಚಂಪಾರಣ್ ಇನ್ನೊಂದು ಪುಸ್ತಕದಲ್ಲಿ ಇರುವುದು ನನಗೆ ಸರಿ ಕಾಣುವುದಿಲ್ಲ. ಎರಡೂ ಒಂದೇ ಚರಿತ್ರೆ.

ಹೆಸರುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ರೋಮ್ ಮತ್ತು ಹಾಸ್‌ನ ಅಮೆರಿಕದ ಕಂಪನಿ 2009ರಲ್ಲಿ ಡೌ ಅನ್ನುವ ದೊಡ್ಡ ರಾಸಾಯನಿಕ ಕಂಪನಿಯ ಪಾಲಾಯಿತು. ಜರ್ಮನಿಯ ಕಂಪನಿ ಕೈಯಿಂದ ಕೈಗೆ ಹೋಗಿ ಅಲ್ಲಿನದೇ ದೊಡ್ಡ ಕಂಪನಿ ಎವೋನಿಕ್‌ನೊಳಗೆ ಸೇರಿತ್ತು, 2019ರಲ್ಲಿ ಮಾರಾಟವಾದ ಮೇಲೆ ಅದರ ಅಕ್ರಿಲಿಕ್ ವ್ಯವಹಾರಕ್ಕೆ ಮತ್ತೆ ರೋಮ್ ಅನ್ನುವ ಹೆಸರೇ ಬಂತು. ಅಕ್ರಿಲಿಕ್ ಅಂದಾಗ ನೆನಪಾಯಿತು, ಒಟ್ಟೊ ರೋಮ್ ಡಾಕ್ಟರೇಟ್‌ಗೆ ಬರೆದದ್ದೇ ಅಕ್ರಿಲಿಕ್ ಆಮ್ಲದ ಮೇಲೆ, 1901ರಲ್ಲಿ. ಅದರಿಂದ ಪ್ಲೆಕ್ಸಿಗ್ಲಾಸ್, ಅಂದರೆ ಗಾಜಿನಂಥ ಪ್ಲಾಸ್ಟಿಕ್, ಬಂದದ್ದು 1933ರಲ್ಲಿ. ಕಂಪನಿ ಶುರುವಾದ ಮೇಲೆ ಆ ತಿಳಿವಳಿಕೆಯನ್ನು ಸಾಕಿದ್ದು ಹೆಚ್ಚಾಗಿ ತೊಗಲಿನ ಪುಡಿ ಮಾರಿದ ದುಡ್ಡು.

ಇನ್ನೊಂದೇ ಒಂದು ಘಟನೆ. ಸ್ಯಾಂಡೋಜ್ 1886ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬಣ್ಣದ ಕಂಪನಿಯಾಗಿ ಶುರುವಾಯಿತು. ಸರಿಯಾಗಿ ನೂರು ವರ್ಷ ತುಂಬಿದಾಗ, 1986ರ ನವೆಂಬರ್ 1ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಶ್ವೈಟ್ಸರ್‌ಹಾಲೆಯಲ್ಲಿದ್ದ ಅದರ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸಾವಿರಕ್ಕೂ ಜಾಸ್ತಿ ಟನ್ ರಾಸಾಯನಿಕ, ಹೆಚ್ಚಿನದು ಕೀಟನಾಶಕ. ಅಗ್ನಿಶಾಮಕದವರು ರಾತ್ರಿಯಿಡೀ ನೀರು ಹೊಡೆದು ಬೆಂಕಿ ಆರಿಸಿದರು. ಆ ನೀರು ಹೋಗಲು ರೈನ್ ನದಿ ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಬೆಳಗಾಗುವ ಹೊತ್ತಿಗೆ ಬಣ್ಣ ಸೇರಿ ನದಿ ಕೆಂಪಾಗಿತ್ತು. ಹಾವುಮೀನುಗಳು ಲಕ್ಷದ ಲೆಕ್ಕದಲ್ಲಿ ಸತ್ತು ದಡಕ್ಕೆ ಬಂದವು, ಕೆಳಗಿನ ದೇಶಗಳಲ್ಲಿ ಕುಡಿಯುವ ನೀರಿಗೆ ನದಿಯಿಂದ ಎತ್ತುವುದನ್ನೇ ನಿಲ್ಲಿಸಬೇಕಾಯಿತು.

ಅದಾದ ಮೇಲೆ ಗೋದಾಮುಗಳ ಪಕ್ಕದಲ್ಲಿ ಬೆಂಕಿ ಆರಿಸಿದ ನೀರು ಹಿಡಿದಿಡಲು ತೊಟ್ಟಿ ಕಟ್ಟುವುದು ಶುರುವಾಯಿತು. ರಾಸಾಯನಿಕ ಕಾರ್ಖಾನೆಯೊಳಗೆ ಹೋಗುವ ಅವಕಾಶ ನಿಮಗೆ ಯಾವಾಗಲಾದರೂ ಸಿಕ್ಕಿದರೆ, ಹೊಳೆಯುವ ರಿಯಾಕ್ಟರುಗಳನ್ನು ನೋಡಿದ ಮೇಲೆ ಆ ತೊಟ್ಟಿ ಎಲ್ಲಿದೆ ಅಂತ ಕೇಳಿ ನೋಡಿ. ಅದು ಖಾಲಿ ಇರಬೇಕು. ಮಳೆನೀರು ನಿಂತಿದ್ದರೂ ಪಂಪ್ ಹಾಕಿ ತೆಗೆದಿರಬೇಕು.