ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರಿಗೆ

ಎಲ್ಲರಿಗೂ ನಮಸ್ಕಾರ. ವಿಶ್ವ ಮಧುಮೇಹ ದಿನದಂದು, ಅದೂ ಮಂಡ್ಯದಲ್ಲಿ ನಿಂತು, ಬೆಲ್ಲದ ವಿರುದ್ಧ ಮಾತಾಡಬೇಕಾಗಿದೆ. ದಯವಿಟ್ಟು ಯಾರೂ ಎದ್ದು ಹೋಗಬೇಡಿ.

ನನ್ನ ಹತ್ತಿರ ಬರುವ ಒಬ್ಬ ರೈತರು ಇದ್ದಾರೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ (HbA1c) ಮಾಡಿಸಿದರೆ ಶೇ. 9 ದಾಟಿತ್ತು, ಅಂದ್ರೆ ತುಂಬಾ ಜಾಸ್ತಿ. "ಮನೆಗೆ ಸಕ್ರೆ ತಂದೇ ಇಲ್ಲ ಮೇಡಂ, ಬೆಲ್ಲದ ಕಾಫಿ ಒಂದ್ ಲೋಟ ಅಷ್ಟೇ" ಅಂದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಿಡಲಿಲ್ಲ. "ಒಂದಂತೆ! ಗದ್ದೆಗೆ ಹೋಗೋಕ್ ಮುಂಚೆ ಒಂದು, ಬಂದ್ಮೇಲೆ ಒಂದು, ಸಂಜೆಗೊಂದು." ಒಂದು ಲೋಟಕ್ಕೆ ಎಷ್ಟು ಬೆಲ್ಲ ಅಂತ ಕೇಳಿದೆ. ಆಯಮ್ಮ ಚೀಲದಿಂದ ಒಂದು ಅಚ್ಚು ತೆಗೆದು, ಮುರಿದು, ನನ್ನ ಮೇಜಿನ ತಕ್ಕಡಿ ಮೇಲಿಟ್ಟರು. 20 ಗ್ರಾಂ. ಮೂರು ಲೋಟಕ್ಕೆ 60. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯೇ ಇರುತ್ತೆ. ಅಂದ್ರೆ ಅವರು ದಿನಾ ಹತ್ತು ಚಮಚ ಸಕ್ಕರೆ ಕುಡೀತಿದ್ದರು. ಬೆಲ್ಲದಲ್ಲಿ ಕಬ್ಬಿಣ ಇದೆ, ನಿಜ. ಅದಕ್ಕೆ ಸೊಪ್ಪು ತಿನ್ನಿ, ಕಾಳು ತಿನ್ನಿ. ಜೇನುತುಪ್ಪ, ತಾಳೆಬೆಲ್ಲ, ಕಂದು ಸಕ್ಕರೆಗೂ ಇದೇ ಮಾತು. ಬಣ್ಣ ಬೇರೆ, ರಕ್ತಕ್ಕೆ ಹೋದ ಮೇಲೆ ಎಲ್ಲಾ ಒಂದೇ.

ಇನ್ನು ಸಕ್ಕರೆ ಬದಲು ಹಾಕುವ ಸಿಹಿ ಮಾತ್ರೆ, ಪುಡಿ. 2023ರಲ್ಲಿ ಅಂಥ ಒಂದು ಸಿಹಿಯಾದ ಆಸ್ಪರ್ಟೇಮ್‌ನಿಂದ ಕ್ಯಾನ್ಸರ್ ಬರಬಹುದು ಅಂತ ಸುದ್ದಿ ಆಯ್ತಲ್ವಾ, ಎಷ್ಟೋ ಜನ ಹೆದರಿ ವಾಪಸ್ ಬೆಲ್ಲಕ್ಕೇ ಹೋದರು! ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ದಿನದ ಮಿತಿಯನ್ನು ಬದಲಿಸಲಿಲ್ಲ: ಕೆಜಿ ತೂಕಕ್ಕೆ 40 ಮಿಲಿಗ್ರಾಂ. 60 ಕೆಜಿ ಇರುವವರಿಗೆ 2,400 ಆಯ್ತು. ಕಾಫಿಗೆ ಹಾಕುವ ಒಂದು ಮಾತ್ರೆಯಲ್ಲಿ ಇರೋದು ಸುಮಾರು 20. ಆದರೆ ಆಸ್ಪರ್ಟೇಮ್ ಹಾಕಿ ಪಾಯಸ ಕುದಿಸಬೇಡಿ, ಬಿಸಿಗೆ ಸಿಹಿ ಹೋಗಿಬಿಡುತ್ತೆ. ಒಲೆ ಮೇಲಿನ ಅಡುಗೆಗೆ ಸುಕ್ರಲೋಸ್ ಅಥವಾ ಸ್ಟೀವಿಯಾ ಅನ್ನೋ ಸಿಹಿ ವಾಸಿ. ಸ್ಟೀವಿಯಾ ಕೊನೆಗೆ ಸ್ವಲ್ಪ ಕಹಿ ಬಿಡುತ್ತೆ, ಒಂದೇ ಹನಿಯಿಂದ ಶುರು ಮಾಡಿ.

'ಶುಗರ್ ಫ್ರೀ' ಬಿಸ್ಕತ್ತು, ಮಿಠಾಯಿ ಬಗ್ಗೆ ತುಂಬಾ ಹೇಳೋದಿತ್ತು. ಚೀಟಿ ಬಂತು, ಐದೇ ನಿಮಿಷ ಅಂತೆ. ಪೊಟ್ಟಣ ತಿರುಗಿಸಿ ಓದಿ: ಮೈದಾ ಇದೆಯಾ? ಸಕ್ಕರೆ ಬದಲು ಹಾಕುವ ಮಾಲ್ಟಿಟಾಲ್ ಅನ್ನೋ ಸಿಹಿ ಇದೆಯಾ? ಮೈದಾ ಶುಗರ್ ಏರಿಸುತ್ತೆ. ಮಾಲ್ಟಿಟಾಲ್ ಕೂಡ ಸ್ವಲ್ಪ ಏರಿಸುತ್ತೆ, ಜಾಸ್ತಿ ತಿಂದರೆ ಹೊಟ್ಟೆನೂ ಕೆಡಿಸುತ್ತೆ.

ಇದೊಂದು ಮಾತ್ರ ಮರೀಬೇಡಿ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತಗೊಳ್ಳುವವರಿಗೆ ಇದ್ದಕ್ಕಿದ್ದಂತೆ ಬೆವರು, ನಡುಕ ಬಂದು ಶುಗರ್ 70ಕ್ಕಿಂತ ಕೆಳಗೆ ಇಳಿದಿದ್ದರೆ, ಆಗ ಸ್ಟೀವಿಯಾ ಉಪಯೋಗಕ್ಕೆ ಬರಲ್ಲ. ನಿಜವಾದ ಸಕ್ಕರೆಯೇ ಬೇಕು: ಮೂರು ಚಮಚ, ನೀರಿಗೆ ಕಲಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಲ್ಲದ ಬಗ್ಗೆ ಇನ್ನೂ ಜಗಳ ಇರುವವರು ಹೊರಗೆ ಬನ್ನಿ, ಅಲ್ಲೇ ಇರುತ್ತೇನೆ.