ಇನ್ನೊಬ್ಬರ ಗಂಟಲಿಗೆ ಬರೆದ ಹಾಡು

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಿಂತು ಹಾಡುಗಾರಿಕೆಯ ಬಗ್ಗೆ ಮಾತಾಡುವುದೆಂದರೆ ಒಳಗೊಳಗೇ ಅಳುಕು. ಸುಭದ್ರಮ್ಮ ಮನ್ಸೂರು ಅವರ ರಂಗಗೀತೆ ಕೇಳಿ ಬೆಳೆದ ಕಿವಿಗಳು ಇಲ್ಲಿವೆ. ರಾಕ್ ಅಂದ ಕೂಡಲೇ ಎದ್ದು ಹೋಗಬೇಡಿ ಮಾರಾಯರೆ. ಇವತ್ತಿನ ವಿಷಯ ಫ್ರೆಡ್ಡಿ ಮರ್ಕ್ಯುರಿಯ ಎರಡನೇ ಸೋಲೋ ಆಲ್ಬಮ್, ಅಂದರೆ ತನ್ನ ಬ್ಯಾಂಡಿನ ಹೊರಗೆ ತಂದದ್ದು, 1988ರ 'ಬಾರ್ಸಿಲೋನಾ'.

ಬ್ರಿಟನ್ನಿನ ಕ್ವೀನ್ ಎಂಬ ರಾಕ್ ಬ್ಯಾಂಡಿನ ಗಾಯಕ ಈತ. ಪಾರ್ಸಿ ಮನೆಯ ಹುಡುಗ, ಹುಟ್ಟಿದ್ದು ಜಂಜಿಬಾರ್‌ನಲ್ಲಿ. ಶಾಲೆಗೆ ಹೋಗಿದ್ದು ಮಾತ್ರ ಪಕ್ಕದ ಮಹಾರಾಷ್ಟ್ರದ ಪಂಚಗನಿಯಲ್ಲಿ. 1985ರ ಮೊದಲ ಸೋಲೋ ಆಲ್ಬಮ್ಮಿನಲ್ಲಿ ಕುಣಿಯುವ ಹಾಡುಗಳೇ ಜಾಸ್ತಿ. ಅದನ್ನು ಇವತ್ತು ಬಿಟ್ಟುಬಿಡೋಣ.

1983ರಲ್ಲಿ ಫ್ರೆಡ್ಡಿ ಲಂಡನ್ನಿನ ರಾಯಲ್ ಒಪೆರಾ ಹೌಸಿಗೆ ಹೋದ. ಒಪೆರಾ ಅಂದರೆ ಅವರ ಸಂಗೀತ ನಾಟಕ. ಹೋಗಿದ್ದು ಇಟಲಿಯ ಗಾಯಕ ಪವರೊಟ್ಟಿಯನ್ನು ಕೇಳಲು, ಮರುಳಾಗಿದ್ದು ಮೊಂಟ್ಸೆರಾಟ್ ಕಬಾಯೆ ಅವರಿಗೆ. ಕಬಾಯೆ ಬಾರ್ಸಿಲೋನಾದವರು, ಒಪೆರಾದ ದೊಡ್ಡ ಸೊಪ್ರಾನೊ, ಅಂದರೆ ಎತ್ತರದ ಸ್ಥಾಯಿಯ ಗಾಯಕಿ. ಮೈಕಿಲ್ಲದೆ ಕೊನೆಯ ಸಾಲಿನವರೆಗೂ ದನಿ ಮುಟ್ಟಿಸುವ ವಿದ್ಯೆ ಅವರದು. ನಮ್ಮ ಕಂಪನಿ ನಾಟಕದ ಹಳೆಯ ನಟರಿಗೂ ಅದು ಬರುತ್ತಿತ್ತು, ಅಲ್ವಾ?

1987ರ ಮಾರ್ಚಿನಲ್ಲಿ ಬಾರ್ಸಿಲೋನಾದ ಒಂದು ಹೋಟೆಲಿನಲ್ಲಿ ಇಬ್ಬರ ಭೇಟಿ. ಫ್ರೆಡ್ಡಿ ಕ್ಯಾಸೆಟ್ ಹಿಡಿದುಕೊಂಡು ಹೋಗಿದ್ದ. ಅದರಲ್ಲಿ ಮಾತುಗಳಿಲ್ಲದ ಒಂದು ಹಾಡು. ಕಬಾಯೆ ಹಾಡಿದರೆ ಹೇಗಿರುತ್ತದೆ ಎಂದು ಊಹಿಸಿಕೊಂಡು ತಾನೇ ಕಳ್ಳ ದನಿಯಲ್ಲಿ, ಅಂದರೆ ಗಂಟಲು ಸಣ್ಣ ಮಾಡಿ ಹೆಣ್ಣು ದನಿಯ ಎತ್ತರಕ್ಕೆ ಏರಿಸಿ, ಹಾಡಿದ್ದ. ಎಂಥ ಧೈರ್ಯ ನೋಡಿ! ಅದೇ ತಿಂಗಳು ಕಬಾಯೆ ಆ ಹಾಡನ್ನು ಲಂಡನ್ನಿನ ಕಛೇರಿಯಲ್ಲಿ ಹಾಡಿಯೇಬಿಟ್ಟರು. ಪಿಯಾನೋದಲ್ಲಿ ಮೈಕ್ ಮೊರಾನ್. ಫ್ರೆಡ್ಡಿ ಜನರ ನಡುವೆ ಕೂತಿದ್ದ.

ಒಂದು ಹಾಡಿನಿಂದ ಶುರುವಾದ ಮಾತು ಇಡೀ ಆಲ್ಬಮ್ಮಿಗೆ ಬಂತು. ಕಬಾಯೆಗೆ ಪುರುಸೊತ್ತಿರಲಿಲ್ಲ, ಅವರ ಕಾರ್ಯಕ್ರಮಗಳು ಮೊದಲೇ ನಿಗದಿಯಾಗಿದ್ದವು. ಫ್ರೆಡ್ಡಿ ಮತ್ತು ಮೊರಾನ್ ಹಾಡು ಕಟ್ಟುತ್ತಿದ್ದರು. ಫ್ರೆಡ್ಡಿ ತನ್ನ ಭಾಗವನ್ನೂ ಹಾಡಿ, ಕಬಾಯೆಯ ಭಾಗವನ್ನೂ ಕಳ್ಳ ದನಿಯಲ್ಲಿ ಹಾಡಿ ಟೇಪು ಕಳಿಸುತ್ತಿದ್ದ. ಈ ಆಲ್ಬಮ್ಮಿನ ಜೀವ ಇರುವುದೇ ಈ ಟೇಪುಗಳಲ್ಲಿ ಎನ್ನುತ್ತೇನೆ ನಾನು. ಆಕೆಯ ಉಸಿರು ಎಲ್ಲಿಗೆ ಬರುತ್ತದೆ, ಯಾವ ಸ್ವರದಲ್ಲಿ ದನಿ ಅರಳುತ್ತದೆ ಎಂದು ತನ್ನ ಗಂಟಲಲ್ಲೇ ಹುಡುಕಬೇಕಿತ್ತಲ್ಲ! ನಮ್ಮ ಪೇಟಿ ಮಾಸ್ತರರೂ ಹೀಗೇ. ಯಾವ ನಟಿಯ ದನಿ ಎಲ್ಲಿಯವರೆಗೆ ಏರುತ್ತದೆ ಅಂತ ನೋಡಿಯೇ ಶ್ರುತಿ ಹಿಡಿಯುತ್ತಾರೆ.

ಮೊದಲ ಹಾಡು 'ಬಾರ್ಸಿಲೋನಾ'ದಲ್ಲಿ ಇದನ್ನು ಗಮನಿಸಿ. ಆತ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಆಕೆ ಹೆಚ್ಚಾಗಿ ಸ್ಪ್ಯಾನಿಷಿನಲ್ಲಿ. ಆಕೆ ಮೇಲಿನ ಸ್ಥಾಯಿಗೆ ಹೋದಾಗ ಆತ ಪೈಪೋಟಿಗೆ ಬೀಳುವುದಿಲ್ಲ, ಕೆಳಗೆ ನಿಂತು ಆಕೆಯ ದನಿಗೆ ಜಾಗ ಬಿಡುತ್ತಾನೆ. ಸ್ಟೇಡಿಯಮ್ಮನ್ನೇ ಕುಣಿಸಿದ ಗಾಯಕನಿಗೆ ಸುಮ್ನೆ ಬರುವ ಗುಣವಲ್ಲ ಇದು.

ಎಲ್ಲವೂ ಚೆನ್ನಾಗಿದೆ ಅಂತ ಹೇಳಲಾರೆ. ನಡುವಿನ ಒಂದೆರಡು ಹಾಡುಗಳಲ್ಲಿ ಆಡಂಬರ ಜಾಸ್ತಿ, ರಾಗ ಕಡಿಮೆ. ಆರ್ಕೆಸ್ಟ್ರಾದ ಬದಲು ಬಹುಪಾಲು ಸಿಂಥಸೈಸರ್ ಬೇರೆ, ಅಂದರೆ ವಾದ್ಯಗಳ ದನಿಯನ್ನು ನಕಲು ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಷ್ಟು ದೊಡ್ಡ ದನಿಯ ಹಿಂದೆ ಆ ಪ್ಲಾಸ್ಟಿಕ್ ಪಿಟೀಲು ನನಗೆ ಹಿಡಿಸುವುದಿಲ್ಲ. 1988ರ ಅಕ್ಟೋಬರಿನಲ್ಲಿ ಬಾರ್ಸಿಲೋನಾದ ದೊಡ್ಡ ವೇದಿಕೆಯಲ್ಲಿ ಇಬ್ಬರೂ ಟೇಪಿಗೆ ತುಟಿ ಆಡಿಸಿದರು. ನಮ್ಮ ದೊಡ್ಡಾಟದಲ್ಲಿ ಹಾಗೆ ಮಾಡಿದ್ದರೆ ಜನ ಸೀಟಿ ಹೊಡೆದು ಇಳಿಸುತ್ತಿದ್ದರು!

ಏಡ್ಸ್‌ನಿಂದ ಫ್ರೆಡ್ಡಿ 1991ರ ನವೆಂಬರಿನಲ್ಲಿ ತೀರಿಕೊಂಡ. ಮರುವರ್ಷ ಬಾರ್ಸಿಲೋನಾದಲ್ಲಿ ಒಲಿಂಪಿಕ್ಸ್ ನಡೆಯಿತು. ಆಗ 'ಬಾರ್ಸಿಲೋನಾ' ಹಾಡು ಮತ್ತೆ ಬಿಡುಗಡೆಯಾಗಿ ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. 2012ರಲ್ಲಿ ಸಿಂಥಸೈಸರ್ ತೆಗೆದು, ಪ್ರಾಗ್‌ನ ಆರ್ಕೆಸ್ಟ್ರಾ ಸೇರಿಸಿ ಆಲ್ಬಮ್ಮನ್ನು ಹೊಸದಾಗಿ ತಂದರು. ದನಿಗಳು ಹಳೆಯವೇ.

ಈಗ ಎರಡನ್ನೂ ಹಾಕುತ್ತೇನೆ, ಮೊದಲು 1988ರದ್ದು, ಆಮೇಲೆ 2012ರದ್ದು. ನನ್ನ ಓಟು ಎರಡನೆಯದಕ್ಕೆ. ಹಳೆಯದೇ ಚೆಂದ ಎನ್ನುವವರು ಇಲ್ಲೇ ಕೂತಿದ್ದಾರೆ ಅಂತ ಗೊತ್ತು, ಚಹಾ ಕುಡಿಯುವಾಗ ಜಗಳ ಆಡೋಣ.